ಮಾವನವರ ಭಾನುವಾರದ ಕೆನ್ನೆ

“ಪ್ಲಾಸ್ಟಿಕ್ಕಿಗೂ ನನಗೂ ಇವತ್ತಿಗೆ ಋಣ ಹರಿಯಿತು!”

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಹೀಗೆಂದು ಘೋಷಿಸಿ, ನಿಮಿಷಪ್ಪನವರು ಬಚ್ಚಲುಮನೆಯ ಗೂಡಿನಲ್ಲಿದ್ದ ಐದು ನೀಲಿ ರೇಜರುಗಳನ್ನು ಕಸದ ಡಬ್ಬಿಗೆ ಸುರಿದರು. ಎರಡು ಸಲ ಕೆರೆದು ಬಿಸಾಡುವ ಜಾತಿಯವು ಅವು.

ನಿಮಿಷಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೂವತ್ತು ವರ್ಷದಿಂದ ವಾಚು ರಿಪೇರಿ ಅಂಗಡಿ ಇಟ್ಟಿರುವ ಅವರು, ಯಾವಾಗ ಕೊಡ್ತೀರಿ ಎಂದು ಯಾರು ಕೇಳಿದರೂ “ಒಂದೇ ನಿಮಿಷ” ಎನ್ನುತ್ತಾರೆ. ಆ ನಿಮಿಷ ಕೆಲವು ಸಲ ಮೂರು ವಾರ ಹಿಡಿಯುವುದುಂಟು. ಆದರೆ ಕೈ? ಆಹಾ, ಆ ಕೈ! ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮುಟದಲ್ಲಿ ಹಿಡಿದರೆ ಭೂಮಿ ಅದುರಬೇಕೇ ಹೊರತು ಅವರ ಬೆರಳು ಅದುರದು.

“ಬೆಳಿಗ್ಗೆ ಬೆಳಿಗ್ಗೆ ಏನ್ರೀ ಅದು ಭಾಷಣ?” ಎಂದರು ಹೆಂಡತಿ, ಇಸ್ತ್ರಿ ಮಾಡುತ್ತಲೇ.

“ಇವತ್ತು ಫೋಟೋದಲ್ಲಿ ನನ್ನ ಕೆನ್ನೆ ನೋಡ್ತಾ ಇರು!”

“ಮೊದಲು ಕಣ್ಣು ತೆರೆದುಕೊಂಡಿರಿ, ಸಾಕು.”

ಅದು ಹಳೆಯ ದೂರು. ಅವರ ಮದುವೆಯ ಫೋಟೋದಲ್ಲಿ ವರ ಕಣ್ಣು ಮುಚ್ಚಿದ್ದ. ಇಪ್ಪತ್ತೈದು ವರ್ಷದಿಂದ ಗೋಡೆಯ ಮೇಲೆ ಹೆಂಡತಿಯ ಪಕ್ಕದಲ್ಲಿ ನಿದ್ದೆ ಹೊಡೆಯುತ್ತಲೇ ಇದ್ದ. ಇಬ್ಬರೂ ನೆಟ್ಟಗೆ ಕಾಣುವ ಒಂದೇ ಒಂದು ಫೋಟೋ ಬೇಕು ಎಂದು ಆಕೆ ಕೇಳಿದ್ದು ಎಷ್ಟು ಸಲವೋ. ಕೊನೆಗೂ ಈ ದಿನ ಹತ್ತು ಗಂಟೆಗೆ ಸ್ಟುಡಿಯೋದವನು ಬರಹೇಳಿದ್ದ.

ನಿಮಿಷಪ್ಪನವರ ಹಟಕ್ಕೆ ಕಾರಣ ಮಾವನವರು. ಎರಡು ವರ್ಷದ ಹಿಂದೆ ತೀರಿಕೊಂಡ ಆ ಹಿರಿಯರ ಕೆನ್ನೆಯನ್ನು ಪ್ರತಿ ಭಾನುವಾರ ಊಟಕ್ಕೆ ಹೋದಾಗ ಅವರು ಕಂಡಿದ್ದರು. ಎಳೆಮಗುವಿನ ಕೆನ್ನೆಯಂತೆ ನುಣ್ಣಗೆ! ಮಡಿಸುವ ಕ್ಷೌರದ ಕತ್ತಿಯಲ್ಲಿ ಮಾಡಿಕೊಂಡದ್ದಂತೆ. ಇತ್ತ ಮುದುಕರ ಕೈಯೋ, ಲೋಟ ಎತ್ತಿದರೆ ತಟ್ಟೆ ಗಲಗಲ ಎನ್ನುವಷ್ಟು ನಡುಗುತ್ತಿತ್ತು. “ಮಾವನವರು ಕಾಫಿ ಕುಡಿದರೆ ಮನೆಗೆ ಅಲಾರಂ ಬೇಡ” ಎಂದು ನಿಮಿಷಪ್ಪನವರು ಒಮ್ಮೆ ಚಟಾಕಿ ಹಾರಿಸಿದ್ದರು. ಎಲ್ಲರೂ ನಕ್ಕಿದ್ದರು. ಹೆಂಡತಿ ಮಾತ್ರ ನೀರು ತರಲು ಒಳಗೆ ಹೋದವರು ತುಂಬ ಹೊತ್ತು ಬಂದಿರಲಿಲ್ಲ.

ಆ ನಡುಗುವ ಕೈಗೇ ಅಷ್ಟು ಸಾಧ್ಯವಾದರೆ ಈ ಕೈಗೆ?

ಕತ್ತಿ ಹೆಂಡತಿಯ ಬೀರುವಿನಲ್ಲಿತ್ತು, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ. ಅಪ್ಪನದೆಂದು ಆಕೆ ತಂದುಕೊಂಡದ್ದು ಕ್ಷೌರದ ಸಾಮಾನು ಮಾತ್ರ. “ಇದೊಂದು ಮುಟ್ಟಬೇಡಿ” ಎಂದೂ ಹೇಳಿದ್ದರು. ನಿಮಿಷಪ್ಪನವರು ಮುಟ್ಟಿದರು. ಮುಟ್ಟಿ, ಅಂಗಿಯೊಳಗೆ ಅಡಗಿಸಿ, ಬಚ್ಚಲುಮನೆಯ ಚಿಲಕ ಹಾಕಿಕೊಂಡರು.

ಚರ್ಮದ ಮೇಲೆ ಉಜ್ಜಿದರೆ ಹರಿತ ಬರುತ್ತದೆಂದು ಕೇಳಿದ್ದರು. ತಮ್ಮ ಹೊಸ ಬೆಲ್ಟನ್ನು ನಲ್ಲಿಗೆ ಸಿಕ್ಕಿಸಿ, ಎಳೆದು ಹಿಡಿದು, ಅಲಗನ್ನು ಮುಂದಿಟ್ಟು ಸರ್ರನೆ ಉಜ್ಜಿದರು. ಬೆಲ್ಟು ಎರಡು ತುಂಡಾಯಿತು! ಅವರಿಗೆ ಬೇಸರವಾಗಲಿಲ್ಲ, ಹೆಮ್ಮೆಯಾಯಿತು. ಎಂಥ ಹರಿತ! ಎಂಥ ಕೈ!

ನೊರೆ ಹಚ್ಚಿದರು. ಆಮೇಲೆ ಜಗತ್ತಿನಲ್ಲಿ ಬೇರೆ ಯಾವ ಗಂಡಸೂ ಮಾಡದ ಕೆಲಸವೊಂದನ್ನು ಮಾಡಿದರು. ಸೂಕ್ಷ್ಮ ಕೆಲಸ ಎಂದರೆ ಅವರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ವಾಚಿನ ಹೊಟ್ಟೆಯೊಳಗೆ ಇಣುಕುವ ಭೂತಗನ್ನಡಿಯನ್ನು ತೆಗೆದು ಬಲಗಣ್ಣಿಗೆ ಸಿಕ್ಕಿಸಿಕೊಂಡರು!

ಕನ್ನಡಿಯಲ್ಲಿ ಮುಖ ಮಾಯವಾಗಿ ಕಾಡು ಕಂಡಿತು. ಒಂದೊಂದು ಕೂದಲೂ ಒಂದೊಂದು ಮರ! ಗಾಜಿನೊಳಗೆ ಕಾಣುವುದು ನಾಣ್ಯದಗಲ ಜಾಗ ಮಾತ್ರ. ಎಡಗೆನ್ನೆಯಿಂದ ಶುರುಮಾಡಿ, ಮರ ಕಂಡಲ್ಲೆಲ್ಲ ಕಡಿದರು. ಗಡ್ಡ ಎಲ್ಲಿ ಮುಗಿಯಿತು, ಮೀಸೆ ಎಲ್ಲಿ ಶುರುವಾಯಿತು ಎಂದು ಹೇಳುವ ಗಡಿಕಲ್ಲು ಅಲ್ಲಿರಲಿಲ್ಲ. ಮೂರು ಕಡೆ ಚುರ್ ಎಂದಿತು. ಗಾಬರಿಯಾಗಿ ಭೂತಗನ್ನಡಿ ತೆಗೆದು ನೋಡುತ್ತಾರೆ, ಎಡಗಡೆಯ ಅರ್ಧ ಮೀಸೆ ನೊರೆಯ ಜೊತೆ ತೊಟ್ಟಿಯಲ್ಲಿ ತೇಲುತ್ತಿದೆ! ಬಲಗಡೆಯ ಅರ್ಧ, ಜೊತೆಗಾರನನ್ನು ಕಳೆದುಕೊಂಡ ಕಾವಲುಗಾರನ ಹಾಗೆ ನಿಂತಿದೆ.

ರಕ್ತ ನಿಲ್ಲಲಿಲ್ಲ. ಜೇಬು ತಡಕಿದರು. ಅಂಗಡಿಗೆ ಬಂದ ವಾಚುಗಳಿಗೆ ಅಂಟಿಸಲು ಬರೆದಿಟ್ಟುಕೊಂಡ ಅಂಟುಚೀಟಿಗಳು ಸಿಕ್ಕವು. ನೆಕ್ಕಿ, ಮೂರು ಗಾಯಕ್ಕೂ ಮೂರು ಮೆತ್ತಿದರು.

“ಅಪ್ಪಾ, ಒಂಬತ್ತಾಯ್ತು!” ಮಗಳು ಬಾಗಿಲು ಬಡಿದಳು.

“ಒಂದೇ ನಿಮಿಷ!”

“ಯಾಕಪ್ಪಾ ದನಿ ಹಾಗಿದೆ?”

“ಬೆಕ್ಕು… ಬೆಕ್ಕು ಪರಚಿತು!”

“ನಮ್ಮನೇಲಿ ಬೆಕ್ಕೇ ಇಲ್ವಲ್ಲ!”

“ಪಕ್ಕದ ಮನೇದು. ಕಿಟಕಿಯಿಂದ ಬಂತು.”

“ಕಿಟಕಿಗೆ ಜಾಲರಿ ಹೊಡೆಸಿದ್ದು ನೀವೇ ಅಲ್ವಾ?”

ಆಮೇಲೆ ಹೆಂಡತಿಯ ದನಿ ಕೇಳಿತು, ತೀರ ಮೆಲ್ಲಗೆ. “ಬೀರು ತೆಗೆದೇ ಇದೆ. ಚಿಲಕ ತೆಗೀರಿ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಿಮಿಷಪ್ಪನವರು ಚಿಲಕ ತೆಗೆದರು. ಮಗಳು ಒಂದು ನೋಟ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ಓಡಿದಳು. ಹೆಂಡತಿ ಗಂಡನ ಮುಖ ನೋಡಲೇ ಇಲ್ಲ; ಮೊದಲು ಕತ್ತಿ ತೆಗೆದುಕೊಂಡು ಬೆಳಕಿಗೆ ಹಿಡಿದು, ಅಲಗಿನುದ್ದಕ್ಕೂ ಕಣ್ಣು ಹಾಯಿಸಿದರು. ಆ ಕ್ಷಣ ನಿಮಿಷಪ್ಪನವರ ಎದೆ ಅವರ ಅಂಗಡಿಯ ಅಷ್ಟೂ ಗಡಿಯಾರಗಳ ಸದ್ದು ಮಾಡಿತು.

“ಮುಕ್ಕಾಗಿಲ್ಲ. ನಿಮ್ಮ ಪುಣ್ಯ” ಎಂದರು. “ಕೂತ್ಕೊಳಿ.”

“ಏನು ಮಾಡ್ತೀಯೇ?”

“ಉಳಿದರ್ಧ ಹೀಗೇ ಇಟ್ಕೊಂಡು ಫೋಟೋಕ್ಕೆ ಬರ್ತೀರಾ?”

ಬೀರುವಿನಿಂದ ಅಗಲವಾದ ಚರ್ಮದ ಪಟ್ಟಿಯೊಂದನ್ನು ತಂದರು. ಕತ್ತಿಯ ಪಕ್ಕದಲ್ಲೇ ಇತ್ತಂತೆ! ಒಂದು ತುದಿಯನ್ನು ಬಾಗಿಲ ಕೊಂಡಿಗೆ ಸಿಕ್ಕಿಸಿ, ಕತ್ತಿಯ ಬೆನ್ನು ಮುಂದಾಗಿ, ಅಲಗು ಹಿಂದಾಗಿ ಎಳೆದರು. ತಿರುಗಿಸಿದರು, ಎಳೆದರು. ಹಕ್ಕಿ ರೆಕ್ಕೆ ಬಡಿದಂಥ ಸದ್ದು. ಕೈಗೆ ಕಸುಬು ಬಂದವರ ಲಯ ಯಾವುದೆಂದು ಗೊತ್ತಿದ್ದ ನಿಮಿಷಪ್ಪನವರು ಬಾಯಿ ತೆರೆದುಕೊಂಡು ಕೂತರು.

“ಬಾಯಿ ಮುಚ್ಚಿ. ಕೆನ್ನೆ ಅಲ್ಲಾಡಿಸಬೇಡಿ.”

“ಇದೆಲ್ಲ ನಿನಗೆ…”

“ಅಲ್ಲಾಡಿಸಬೇಡಿ ಅಂದೆ. ಹನ್ನೊಂದು ವರ್ಷ ಭಾನುವಾರ ಬೆಳಿಗ್ಗೆ ಆರಕ್ಕೇ ಅಪ್ಪನ ಮನೆಗೆ ಹೋಗ್ತಿದ್ದೆನಲ್ಲ, ‘ಅಲ್ಲೇನಿದೆ ಅಷ್ಟು ಹೊತ್ತಿಗೇ’ ಅಂತ ನೀವು ಗೊಣಗ್ತಿದ್ದಿರಲ್ಲ, ಯಾಕೆ ಅಂದುಕೊಂಡಿರಿ? ಅಪ್ಪನ ಕೈ ನಡುಗೋಕೆ ಶುರುವಾದ ಮೇಲೆ ಕತ್ತಿ ಹಿಡಿದದ್ದು ನಾನು. ಅಳಿಯಂದಿರ ಕಿವಿಗೆ ಬೀಳಬಾರದು ಅಂದಿದ್ದರು. ವಾರದ ಬೇರೆ ದಿನ ಅವರ ಕೆನ್ನೆ ನೋಡಿದ್ದೀರಾ ನೀವು?”

ನೋಡಿರಲಿಲ್ಲ. ನಿಮಿಷಪ್ಪನವರು ಹೊಟ್ಟೆಕಿಚ್ಚುಪಟ್ಟದ್ದೆಲ್ಲ ತಮ್ಮ ಹೆಂಡತಿಯ ಕೈಕೆಲಸಕ್ಕೆ! ಅಲಾರಂ ಚಟಾಕಿ ನೆನಪಾಗಿ ಕಿವಿಯ ತುದಿಯವರೆಗೆ ಬಿಸಿಯೇರಿತು. ಏನಾದರೂ ಹೇಳಬೇಕೆನ್ನಿಸಿತು. ಆದರೆ ಕತ್ತಿ ಗಂಟಲ ಹತ್ತಿರವಿತ್ತು. ಕಣ್ಣು ಮುಚ್ಚಿಕೊಂಡರು. ತಣ್ಣನೆಯ ಅಲಗು ಎಲೆಯ ಮೇಲೆ ನೀರಹನಿ ಜಾರಿದಂತೆ ಬಲಗೆನ್ನೆಯ ಮೇಲೆ ಜಾರಿತು.

“ಮೀಸೆ?” ಎಂದರು ಆಕೆ.

“ತೆಗಿ” ಎಂದರು ಇವರು. “ಇಟ್ಟುಕೊಂಡು ತಿರುವುವಂಥದ್ದು ಏನು ಉಳಿದಿದೆ?”

ಹತ್ತು ಗಂಟೆಗೆ, ಬೆಲ್ಟಿನ ಜಾಗದಲ್ಲಿ ದಾರ ಕಟ್ಟಿಕೊಂಡು, ಮೀಸೆಯಿಲ್ಲದ ನಿಮಿಷಪ್ಪನವರು ಸ್ಟುಡಿಯೋದ ಕುರ್ಚಿಯಲ್ಲಿ ಕೂತರು.

“ಏನ್ ಸಾರ್ ಆ ಬಲಗೆನ್ನೆ! ಹೊಳೀತಾ ಇದೆ!” ಎಂದ ಫೋಟೋದವನು. “ನಿಮ್ಮದೇ ಕೈಯಾ? ವಾಚಿನವರ ಕೈ ಅಂದರೆ ಸುಮ್ಮನೇನಾ!”

ಹೌದು ಎನ್ನಲು ಬಾಯಿ ತಾನಾಗಿ ತೆರೆಯಿತು. ಮೂವತ್ತು ವರ್ಷದ ಅಭ್ಯಾಸ. ಪಕ್ಕದಲ್ಲಿ ಹೆಂಡತಿ ನೆಟ್ಟಗೆ ಮುಂದೆ ನೋಡುತ್ತಿದ್ದರು, ಅಪ್ಪನ ಗುಟ್ಟಿನ ಹಾಗೆ ಇದನ್ನೂ ಕಾಪಾಡಲು ಸಿದ್ಧರಾದವರಂತೆ.

“ಅಲ್ಲಪ್ಪ” ಎಂದರು ನಿಮಿಷಪ್ಪನವರು, ತಲೆ ತಗ್ಗಿಸಿ. “ಇವಳದ್ದು. ಎಡಗಡೆ ಮಾತ್ರ ನನ್ನದು.”

ಹೆಂಡತಿ ಫಕ್ಕನೆ ನಕ್ಕರು. ಫೋಟೋದವನು ಒತ್ತಿಯೇಬಿಟ್ಟ.

ಮೂರು ದಿನದ ಮೇಲೆ ಫೋಟೋ ದೊಡ್ಡದಾಗಿ, ಕಟ್ಟು ಹಾಕಿಸಿಕೊಂಡು ಮನೆಗೆ ಬಂತು. ಅದರಲ್ಲಿ ಹೆಂಡತಿ ನಗುತ್ತಿದ್ದಾರೆ. ಗಂಡನ ಕಣ್ಣು ತೆರೆದಿದೆ. ಆದರೆ ಎಡ ದವಡೆಯ ಮೇಲೆ ಒಂದು ಅಂಟುಚೀಟಿ ಉಳಿದುಕೊಂಡಿದೆ. ಅದರ ಮೇಲೆ ನಿಮಿಷಪ್ಪನವರದೇ ಮುತ್ತಿನಂಥ ಅಕ್ಷರ, ಬಾಗಿಲಲ್ಲಿ ನಿಂತವರಿಗೂ ಓದಲು ಬರುವಷ್ಟು ಸ್ಪಷ್ಟವಾಗಿ: ‘ರಿಪೇರಿಗೆ ಬಂದಿದೆ.’

“ಅಯ್ಯೋ! ಇದು ಉಳಿದದ್ದು ನೀನು ನೋಡಲಿಲ್ವೇನೇ?”

“ನೋಡಿದ್ದೆ. ಕಿತ್ತರೆ ರಕ್ತ ಬರುತ್ತೆ ಅಂತ ಬಿಟ್ಟೆ.”

“ಹಾಗಾದರೆ ಇನ್ನೊಂದು ತೆಗೆಸೋಣ. ಒಂದೇ ನಿಮಿಷದ ಕೆಲಸ!”

“ಬೇಡ” ಎಂದರು ಆಕೆ, ಕುರ್ಚಿ ಹತ್ತಿ ಫೋಟೋವನ್ನು ಮೊಳೆಗೆ ತಗುಲಿಸುತ್ತ. “ಚೀಟೀಲಿ ಬರೆದಿರೋದು ಸರಿಯಾಗೇ ಇದೆ.”