ಉಚಿತ ಸೂಲಗಿತ್ತಿ ವಿದ್ಯೆಯ ಶುಲ್ಕ ವೃತ್ತಾಂತ

ಬಹಳ ಹಿಂದೆ, ಬೆಳಗಿನ ಕಾಫಿಯ ಜೊತೆ ಪತ್ರಿಕೆ ಓದಿ ಸಿಟ್ಟಾಗುವ ಪದ್ಧತಿ ಇನ್ನೂ ಶುರುವಾಗದ ಕಾಲದಲ್ಲಿ, ಘೋಷಣಾವತಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ಜೃಂಭಣಸೇನರು. ಅವರು ಬಾಯಿ ತೆರೆದರೆ ಒಂದೋ ಆಕಳಿಕೆ ಬರುತ್ತಿತ್ತು, ಇಲ್ಲವೇ ಯೋಜನೆ. ಯಾವುದು ಬಂದರೂ ಆಸ್ಥಾನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. ಅವರ ಆರೋಗ್ಯಮಂತ್ರಿಯ ಹೆಸರು ಶುಲ್ಕಾಚಾರ್ಯ. ಈತ ಸಾತ್ವಿಕ ಮನುಷ್ಯ. ಪ್ರಜೆಗಳ ಕೈಯಿಂದ ಏನನ್ನೂ ಕಿತ್ತುಕೊಳ್ಳುತ್ತಿರಲಿಲ್ಲ, ಅವರಾಗಿಯೇ ತಂದುಕೊಡುವ ವ್ಯವಸ್ಥೆ ಮಾಡುತ್ತಿದ್ದ.

ರಾಜಧಾನಿಯಿಂದ ದೂರದಲ್ಲಿ ಸೊಪ್ಪಿನಕೆರೆ ಎಂಬ ಊರಿತ್ತು. ಅಲ್ಲಿ ಕಂಬಳಿ ನೇಯುವ ಬೀರಯ್ಯ ಮತ್ತು ಅವನ ಹೆಂಡತಿ ಸಣ್ಣತಾಯಿ ಇದ್ದರು. ಊರಿನ ಮುದಿ ಸೂಲಗಿತ್ತಿ ನಿಂಗಾಜಮ್ಮ ತೀರಿಕೊಂಡ ವರ್ಷವೇ ಸಣ್ಣತಾಯಿಯ ತಂಗಿ ಚಿಕ್ಕದೇವಿಗೆ ಹೆರಿಗೆ ನೋವು ಬಂತು. ಕೈ ಹಚ್ಚುವವರು ಯಾರೂ ಇರಲಿಲ್ಲ. ಗಾಡಿಯಲ್ಲಿ ಮಲಗಿಸಿಕೊಂಡು ರಾಜಧಾನಿಯ ಕಡೆ ಹೊರಟರು.

"ಅಕ್ಕಾ, ಇನ್ನೂ ಎಷ್ಟು ದೂರ ಕಣಕ್ಕಾ?" ಎಂದು ಚಿಕ್ಕದೇವಿ ಕೇಳುತ್ತಲೇ ಇದ್ದಳು.

"ಬಂದೇ ಬುಡ್ತು ಕಣವ್ವ," ಎಂದು ಸಣ್ಣತಾಯಿ ಸುಳ್ಳು ಹೇಳುತ್ತಲೇ ಇದ್ದಳು.

ಹೊಳೆ ದಾಟುವಷ್ಟರಲ್ಲಿ ಕೇಳುವವಳು ಸುಮ್ಮನಾದಳು. ಮಗುವೂ ಉಳಿಯಲಿಲ್ಲ. ಗಾಡಿಯನ್ನು ಅಲ್ಲಿಂದಲೇ ತಿರುಗಿಸಿದರು.

ಇಂಥ ಸಾವುಗಳು ಊರೂರಲ್ಲಿ ನಡೆಯುತ್ತಿದ್ದವು. ಸುದ್ದಿ ಅರಮನೆಯನ್ನು ಮುಟ್ಟಿ ಮಹಾರಾಜರು ಮರುಗಿದರು. ಮರುಗುವುದು ಹೇಗೂ ಅವರ ವಾರದ ಕಾರ್ಯಕ್ರಮಪಟ್ಟಿಯಲ್ಲಿ ಇತ್ತು.

"ಮಂತ್ರಿವರ್ಯ, ನಾಡಿನ ಹೆಣ್ಣುಮಕ್ಕಳಿಗೆ ಸೂಲಗಿತ್ತಿ ವಿದ್ಯೆಯನ್ನು ಉಚಿತವಾಗಿ ಕಲಿಸತಕ್ಕದ್ದು."

"ಪ್ರಭೋ, ಉಚಿತ ಎಂಬ ಶಬ್ದ ತಮ್ಮ ಶ್ರೀಮುಖದಿಂದ ಬಂದಾಗ ಎಷ್ಟು ಇಂಪು! ಆದರೆ ಬೊಕ್ಕಸದಲ್ಲಿ, ತಮ್ಮ ಭಾವಚಿತ್ರಗಳಿಗೆ ಚೌಕಟ್ಟು ಹಾಕಿಸಿ ಉಳಿದದ್ದಷ್ಟೇ ಇದೆ."

"ಎಷ್ಟು ಉಳಿದಿದೆ?"

"ಚೌಕಟ್ಟು ಹಾಕಿಸುವುದು ಇನ್ನೂ ಮುಗಿದಿಲ್ಲ ಪ್ರಭೋ."

ಮಹಾರಾಜರು ಆಲೋಚಿಸಿದರು, ಅಂದರೆ ಆಕಳಿಸಿದರು. ಶುಲ್ಕಾಚಾರ್ಯ ಕೈಮುಗಿದು ಹೇಳಿದ: "ವಿದ್ಯೆ ಉಚಿತವಾಗಿಯೇ ಇರಲಿ. ಅದರ ಹತ್ತಿರ ಹೋಗುವುದಕ್ಕೆ ಮಾತ್ರ ಅಲ್ಪಸ್ವಲ್ಪ ತಗಲಲಿ."

ಹೀಗೆ 'ಉಚಿತ ಸೂಲಗಿತ್ತಿ ಭಾಗ್ಯ' ಜಾರಿಗೆ ಬಂತು. ಸೊಪ್ಪಿನಕೆರೆಯಲ್ಲೂ ತಮಟೆ ಹೊಡೆದು ಸಾರಿದರು. ಸಣ್ಣತಾಯಿ ಗಂಡನಿಗೆ, "ನಾನು ಹೋಯ್ತೀನಿ. ಇನ್ನೊಬ್ಬಳ್ಗೆ ಬಂದೇ ಬುಡ್ತು ಅಂತ ಸುಳ್ಳು ಹೇಳಕ್ಕೆ ನನ್ ಕೈಲಾಗಕಿಲ್ಲ," ಎಂದಳು. ಬೀರಯ್ಯ ಬುತ್ತಿ ಕಟ್ಟಿಕೊಟ್ಟ.

ರಾಜಧಾನಿಯ ಪ್ರಸೂತಿ ವಿದ್ಯಾಲಯದ ಬಾಗಿಲಲ್ಲೇ ಗುಮಾಸ್ತ ಕೈ ಚಾಚಿದ.

"ಪುಕ್ಕಟೆ ಅಂತ ಸಾರಿದ್ರಲ್ಲ ಬುದ್ಧಿ?"

"ವಿದ್ಯೆ ಪುಕ್ಕಟೆ ತಾಯಿ. ಬಾಗಿಲು ವಿದ್ಯೆಯಲ್ಲ, ಮರ. ಇದು ದ್ವಾರಶುಲ್ಕ."

ಸಣ್ಣತಾಯಿ ಕಿವಿಯ ಓಲೆ ಬಿಚ್ಚಿಕೊಟ್ಟು ಒಳಗೆ ಹೋದಳು. ಒಳಗೆ ಕೂರುವ ಚಾಪೆಗೆ ಬಾಡಿಗೆ. ಉಡುವ ಬಿಳಿ ಸೀರೆಯನ್ನು ಮಂತ್ರಿಗಳ ಭಾವಮೈದುನನ ಅಂಗಡಿಯಿಂದಲೇ ಕೊಳ್ಳಬೇಕು. ಕೊಂಡು ಸ್ವಲ್ಪ ದಿನಕ್ಕೆ ಸಮವಸ್ತ್ರದ ಬಣ್ಣ ಇನ್ನು ಹಳದಿ ಎಂದು ಆಜ್ಞೆ ಬರುತ್ತಿತ್ತು, ಮತ್ತೆ ಅದೇ ಅಂಗಡಿ. ಮೊದಲ ಪಾಠ ಮಹಾರಾಜರ ಜನನ ವೃತ್ತಾಂತ. ಅದನ್ನು ಬಾಯಿಪಾಠ ಒಪ್ಪಿಸಿದವರಿಗಷ್ಟೇ ಮುಂದಿನ ಪಾಠ. ಅಭ್ಯಾಸಕ್ಕೆ ಕೊಟ್ಟದ್ದು ಒಂದು ಮರದ ಗೊಂಬೆ. ಅದು ಅಳುತ್ತಿರಲಿಲ್ಲ, ಅಡ್ಡ ತಿರುಗುತ್ತಿರಲಿಲ್ಲ, ಯಾವ ತೊಂದರೆಯನ್ನೂ ಕೊಡುತ್ತಿರಲಿಲ್ಲ. ಆಡಳಿತಕ್ಕೆ ಅದು ಬಹಳ ಮೆಚ್ಚುಗೆಯಾಗಿತ್ತು.

ನಿಜವಾದ ಹೆರಿಗೆ ನೋಡಬೇಕಾದರೆ 'ಪ್ರಾಯೋಗಿಕ ಶುಲ್ಕ'. ಅವಳಿಜವಳಿಯಾದರೆ ಎರಡರಷ್ಟು. ಮೊದಲನೆಯ ಮಗು ನೋಡಿ, ಎರಡನೆಯದಕ್ಕೆ ಕಣ್ಣು ಮುಚ್ಚಿಕೊಳ್ಳುತ್ತೇನೆ ಎಂದು ಒಬ್ಬ ಹುಡುಗಿ ಬೇಡಿಕೊಂಡದ್ದಕ್ಕೆ ಅವಳಿಗೆ ಅಶಿಸ್ತಿನ ದಂಡ ಬಿತ್ತು.

ಸಣ್ಣತಾಯಿ ಊರಿಗೆ ಹೇಳಿಕಳಿಸಿದಳು. ಬೀರಯ್ಯ ಬಂದು ಹಣದ ಗಂಟು ಕೊಟ್ಟ.

"ಎಲ್ಲಿಂದ ತಂದೆ?"

"ಮಗ್ಗ ಕೊಟ್ಬುಟ್ಟೆ," ಎಂದ ಅವನು, ಚೂರು ಸೊಪ್ಪು ಕೊಟ್ಟಂತೆ. "ಕೂಲಿಗೆ ಹೋಯ್ತಾವ್ನಿ. ನೀ ಕಲಿ."

ಆ ದಿನ ಅವಳು ಒಗೆಯುವ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಅತ್ತಳು. ಅಳುವುದಕ್ಕೂ ಶುಲ್ಕ ಹಾಕಬಹುದೆಂದು ಇನ್ನೂ ಯಾರಿಗೂ ಹೊಳೆದಿರಲಿಲ್ಲ. ಆಮೇಲೆ ಎದ್ದು ಹೋಗಿ ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತಳು. ಅಲ್ಲಿ ಗೌರಾಬಾಯಿ ಎಂಬ ಶಿಕ್ಷಕಿ ಇದ್ದಳು. ಸಂಬಳ ಬರುವುದು ನಿಂತಿದ್ದರೂ ಬಸುರಿಯರು ಬರುವುದು ನಿಂತಿರಲಿಲ್ಲವಾದ್ದರಿಂದ ಆಕೆ ಕೆಲಸ ಬಿಟ್ಟಿರಲಿಲ್ಲ. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಎಂದು ತಿಳಿಯುವುದು, ಹೊಕ್ಕುಳಬಳ್ಳಿ ಕತ್ತರಿಸುವುದು, ರಕ್ತ ಹೋಗುತ್ತಿದ್ದರೆ ತಡೆಯುವುದು, ಎಲ್ಲವನ್ನೂ ಸಣ್ಣತಾಯಿ ಅವಳಿಂದ ಕಲಿತಳು. ಮೊದಲ ಸಲ ಅವಳ ಅಂಗೈಗೆ ಮಗು ಬಂದು ಬಿದ್ದಾಗ ಕೈಯೆಲ್ಲ ನಡುಗಿತು. "ನಡುಗಲಿ ಬಿಡು," ಎಂದಳು ಗೌರಾಬಾಯಿ, "ಮಗು ಮಾತ್ರ ಜಾರಬಾರದು."

ವಿದ್ಯೆ ಮುಗಿಯಿತು. ಉಳಿದದ್ದು ಪದವಿಪಟ್ಟ, ಅಂದರೆ ಕಲಿತದ್ದಕ್ಕೆ ಮುದ್ರೆ ಒತ್ತಿದ ಪತ್ರ. ಅದನ್ನು ಪ್ರದಾನ ಮಾಡಲು ಸ್ವತಃ ಶುಲ್ಕಾಚಾರ್ಯ ಬಂದ. ಪಟ್ಟದ ಶುಲ್ಕ ಕೇಳಿ ಹುಡುಗಿಯರೆಲ್ಲ ಕಂಗಾಲಾದರು.

"ಹೆದರಬೇಡಿ ಮಕ್ಕಳೇ," ಎಂದ ಶುಲ್ಕಾಚಾರ್ಯ. "ಸರ್ಕಾರವೇ ಸಾಲ ಕೊಡುತ್ತದೆ. ತೀರುವವರೆಗೆ ನೀವು ರಾಜಧಾನಿಯ ಸುಖಪ್ರಸವ ಮಂದಿರದಲ್ಲಿ ದುಡಿಯಬೇಕು, ಅಷ್ಟೆ. ಅದು ನಮ್ಮ ಭಾವಮೈದುನನದೇ, ಮನೆಯವರಂತೆ ನೋಡಿಕೊಳ್ಳುತ್ತಾನೆ."

"ನಮ್ಮೂರ್ಗೆ ಯಾರು ಹೋಗೋರು ಬುದ್ಧಿ?" ಎಂದು ಸಣ್ಣತಾಯಿ ಕೇಳಿದಳು.

"ಹಳ್ಳಿಗಳನ್ನು ಎರಡನೇ ಹಂತದಲ್ಲಿ ತೆಗೆದುಕೊಳ್ಳುತ್ತೇವೆ."

"ಅಲ್ಲೀಗಂಟ ಹೆರಿಗೆ ನೋವು ತಡ್ಕೊಂಡಿರ್ಬೇಕಾ?"

ಮಂತ್ರಿ ನಕ್ಕ. "ಪಟ್ಟವಿಲ್ಲದೆ ಕೈ ಹಚ್ಚುವುದು ಅಪರಾಧ, ಗೊತ್ತಲ್ಲ?"

ಉಳಿದವರೆಲ್ಲ ಹೆಬ್ಬೆಟ್ಟು ಒತ್ತಿದರು. ಅವರನ್ನು ದೂರುವಂತಿಲ್ಲ, ಅವರ ಮನೆಗಳಲ್ಲೂ ಮಾರಲು ಏನೂ ಉಳಿದಿರಲಿಲ್ಲ. ಸಣ್ಣತಾಯಿ ಮಾತ್ರ ಬರಿಗೈಯಲ್ಲಿ ಊರಿಗೆ ನಡೆದಳು. ಬೀರಯ್ಯ ಊರ ಬಾಗಿಲಲ್ಲೇ ಸಿಕ್ಕಿದ.

"ವಿದ್ಯೆ ಬಂತಾ?"

"ವಿದ್ಯೆ ಬಂತು. ಪಟ್ಟ ಬರ್ನಿಲ್ಲ. ನಿನ್ ಮಗ್ಗನೂ ಹೋಯ್ತು."

"ಹುಟ್ಟೋ ಕೂಸು ಪಟ್ಟ ಓದ್ಕಂಡು ಈಚೆಗೆ ಬಂದದಾ? ನಡಿ, ಇಟ್ಟು ಆರೋಯ್ತದೆ."

ಅಂದಿನಿಂದ ಸೊಪ್ಪಿನಕೆರೆಯಲ್ಲೂ ಸುತ್ತಲ ಊರುಗಳಲ್ಲೂ ಮಕ್ಕಳು ಕಾನೂನುಬಾಹಿರವಾಗಿ ಹುಟ್ಟತೊಡಗಿದವು. ತಾಯಂದಿರು ಕಾನೂನುಬಾಹಿರವಾಗಿ ಬದುಕಿಕೊಂಡರು. ಎಲ್ಲರೂ ಉಳಿದರೆಂದಲ್ಲ. ಒಬ್ಬಳನ್ನು ಸಣ್ಣತಾಯಿ ಉಳಿಸಿಕೊಳ್ಳಲಾರದೆ ಹೋದಳು. ಆಮೇಲೆ ಎಷ್ಟೋ ದಿನ ಅವಳಿಗೆ ಊಟ ಸೇರಲಿಲ್ಲ. ಆದರೆ ಗಾಡಿಯಲ್ಲಿ ಸಾಯುವುದು ನಿಂತಿತು.

ಸುದ್ದಿ ರಾಜಧಾನಿಗೆ ಹೋಗದೆ ಇರುತ್ತದೆಯೆ? ರಾಜಭಟರು ಬಂದು ಸಣ್ಣತಾಯಿಯನ್ನು ಚಾವಡಿಯಲ್ಲಿ ಕೂರಿಸಿದರು. ಒಂದೊಂದು ಮಗುವಿಗೂ ಒಂದೊಂದು ದಂಡ, ಕಟ್ಟದಿದ್ದರೆ ಸೆರೆಮನೆ. ಕಟ್ಟಲು ಅವಳ ಹತ್ತಿರ ಏನಿತ್ತು? ಅವಳು ಎದ್ದು ಭಟರ ಜೊತೆ ಹೊರಟಳು.

ಆಗ ಮುದ್ದಮ್ಮ ಎಂಬವಳು ಕಂಕುಳಲ್ಲಿ ಮಗುವನ್ನು ಎತ್ತಿಕೊಂಡು ಅಡ್ಡ ಬಂದಳು. "ಇದ್ರ ದಂಡ ಎಷ್ಟು ಹೇಳಪ್ಪ. ಇದು ನನ್ ಕೂಸು, ನಾನು ಕಟ್ಟೀನಿ." ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಪಕ್ಕದ ಊರಿನವರೂ ಬಂದರು. ಕೆಲವರು ದುಡ್ಡು ತಂದರು, ಕೆಲವರು ಕೋಳಿ ತಂದರು, ಒಬ್ಬಳು ಕಾಲುಂಗುರ ಬಿಚ್ಚಿದಳು. ಸಂಜೆಯ ಹೊತ್ತಿಗೆ ಸಣ್ಣತಾಯಿಯ ಮೇಲೆ ಒಂದು ದಂಡವೂ ಉಳಿದಿರಲಿಲ್ಲ. ಅವಳಿಗೆ ಯಾರ ಮುಖವನ್ನೂ ನೋಡಲಾಗಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ಕುಸಿದಳು.

ಈ ದೃಶ್ಯವನ್ನು ಭಟರು ಆಸ್ಥಾನದಲ್ಲಿ ವರ್ಣಿಸಿದಾಗ ಕಣ್ಣೀರು ಹಾಕಿದವನು ಶುಲ್ಕಾಚಾರ್ಯನೊಬ್ಬನೇ. ಅದು ಆನಂದಬಾಷ್ಪ.

"ಪ್ರಭೋ! ಕಲಿಸಲು ಶಾಲೆ ಬೇಕು, ಗೊಂಬೆ ಬೇಕು, ಗೌರಾಬಾಯಿಗೆ ಸಂಬಳ ಕೊಡುತ್ತೇವೆಂದು ಹೇಳುತ್ತಲೇ ಇರಬೇಕು. ದಂಡಕ್ಕೆ ಏನೂ ಬೇಡ. ಹೆರಿಗೆಯಂತೂ ನಿಲ್ಲುವುದಿಲ್ಲ."

"ಅಂದರೆ ನಾವು ಏನೂ ಮಾಡದೆಯೇ ಮಕ್ಕಳು ಕ್ಷೇಮವಾಗಿ ಹುಟ್ಟುತ್ತಿವೆಯೆ?"

"ಹೌದು ಪ್ರಭೋ. ತಮ್ಮ ಆಳ್ವಿಕೆಯ ಪ್ರಭಾವ!"

ವಿದ್ಯಾಲಯವನ್ನು ಮುಚ್ಚಲಾಯಿತು. ಅದರ ಜಾಗದಲ್ಲಿ ದಂಡ ವಸೂಲಿಯ ಕೌಂಟರುಗಳು ಎದ್ದವು. ಸೊಪ್ಪಿನಕೆರೆಗೂ ಒಂದು ಬಂತು. ಹೆರಿಗೆಗೆ ಮೊದಲೇ ಬಂದು ಕಟ್ಟುವ ಸೌಲಭ್ಯಕ್ಕೆ 'ಮುಂಗಡ ದಂಡ ಭಾಗ್ಯ' ಎಂದು ಹೆಸರಾಯಿತು. ಹೆರಿಗೆಯ ಸಾವು ತಗ್ಗಿಸಿದ್ದಕ್ಕಾಗಿ ಮಹಾರಾಜರಿಗೆ 'ಮಾತೃವತ್ಸಲ' ಎಂಬ ಬಿರುದನ್ನು ಅವರದೇ ಆಸ್ಥಾನ ಅವಿರೋಧವಾಗಿ ದಯಪಾಲಿಸಿತು. ಶುಲ್ಕಾಚಾರ್ಯನ ಹೆಗಲಿಗೆ ಜರಿಶಾಲು ಬಿತ್ತು.

ಬಿರುದು ಸಮಾರಂಭದ ದಿನವೇ ಸೊಪ್ಪಿನಕೆರೆಯ ರಾಚಯ್ಯನ ಹೆಂಡತಿಗೆ ನೋವು ಬಂತು. ಅವನು ಮೊದಲು ಕೌಂಟರಿಗೆ ಓಡಿದ. ಸಮಾರಂಭದ ನಿಮಿತ್ತ ಬಾಗಿಲು ಹಾಕಿತ್ತು. ಅವನು ಬಾಗಿಲು ಬಡಿಯುತ್ತಿರುವಾಗಲೇ ಇತ್ತ ಸಣ್ಣತಾಯಿಯ ಕೈಯಲ್ಲಿ ಹೆಣ್ಣುಮಗುವೊಂದು ಜೋರಾಗಿ ಅತ್ತಿತು.

ಮಾರನೆಯ ದಿನ ಕೌಂಟರಿನ ಗುಮಾಸ್ತ ಲೆಕ್ಕ ಹಾಕಿದ: ದಂಡ ಒಂದು, ರಸೀದಿಗಿಂತ ಮೊದಲು ಹುಟ್ಟಿದ್ದಕ್ಕೆ ಅವಸರದ ದಂಡ ಇನ್ನೊಂದು, ಮಹಾರಾಜರ ಶುಭದಿನದಲ್ಲಿ ಹುಟ್ಟುವ ಪುಣ್ಯ ಪಡೆದದ್ದಕ್ಕೆ ಹರ್ಷಕಾಣಿಕೆ.

"ರಜ ಮಾಡಿದ್ದು ನೀವು ಕಣ್ ಬುದ್ಧಿ!" ಎಂದ ರಾಚಯ್ಯ.

"ಮಗುವಿಗೆ ಒಂದು ದಿನ ತಾಳ್ಮೆ ಇರಬಾರದಾಗಿತ್ತೆ?" ಎಂದ ಗುಮಾಸ್ತ.

ರಾಚಯ್ಯ ಮನೆಯ ಆಡನ್ನು ಹಿಡಿದು ತಂದು ಕೌಂಟರಿನ ಕಂಬಕ್ಕೆ ಕಟ್ಟಿ ಹೋದ. ತಾಯಿ ಮಗು ಸುಖವಾಗಿದ್ದರು. ಬೊಕ್ಕಸ ಅವರಿಗಿಂತ ಸುಖವಾಗಿತ್ತು.