ಟ್ಯಾಂಕಿನವರ ಪಾಲಾದ ನನ್ನ ತಂಗಳನ್ನ

ಮಾನ್ಯ ಬಯೋಗ್ಯಾಸ್ ಟ್ಯಾಂಕಿನವರೇ,

ಮೆಹದಿಪಟ್ಟಣಂನ ನಮ್ಮ ಅಪಾರ್ಟ್‌ಮೆಂಟಿನ ಹಿಂಬದಿಯಲ್ಲಿ, ನುಗ್ಗೆಮರದ ನೆರಳಿನಲ್ಲಿ, ತುಂಬಿದ ಹೊಟ್ಟೆಯೊಡನೆ ವಿರಾಜಮಾನರಾಗಿರುವ ತಮಗೆ ಮೊದಲ ಮಹಡಿಯ ನಿವೃತ್ತ ಗುಮಾಸ್ತ ದತ್ತಾತ್ರೇಯನ ಸಾದರ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ನನ್ನ ಹೆಂಡತಿ ಅಂಬುಬಾಯಿ ಬೆಳಗ್ಗೆ ಸಂಜೆ ತಮ್ಮನ್ನು ವಿಚಾರಿಸಿಕೊಂಡು ಬಂದು ನನಗೆ ವರದಿ ಒಪ್ಪಿಸುತ್ತಾಳೆ.

ತಮ್ಮ ಹಿರಿಮೆಯನ್ನು ನಾನು ಅಲ್ಲಗಳೆಯುವವನಲ್ಲ. ನಾವು ಚೆಲ್ಲಿದ ಅನ್ನ-ಸಾರು ಊರಾಚೆಯ ಕಸದ ಗುಡ್ಡದಲ್ಲಿ ಕೊಳೆತು, ಮೀಥೇನ್ ಆಗಿ ಆಕಾಶಕ್ಕೇರಿ ಭೂಮಿಯನ್ನು ಕಾಯಿಸುತ್ತಿತ್ತು. ಈಗ ಅದೇ ಅನಿಲವನ್ನು ತಾವು ಹೊಟ್ಟೆಯಲ್ಲಿ ಹಿಡಿದಿಟ್ಟು ವಾಚ್‌ಮನ್ ಸಾಯಿಕುಮಾರನ ಒಲೆಗೆ ಕೊಡುತ್ತೀರಿ, ಅವನಿಗೆ ಸಿಲಿಂಡರ್ ಬೇಕಾಗುವುದೇ ಅಪರೂಪ. ಹೊಟ್ಟೆಯ ವಾಯುವಿನಿಂದ ಲೋಕೋಪಕಾರ ಮಾಡಿ ಹೊಗಳಿಸಿಕೊಂಡವರು ಇಲ್ಲಿ ತಾವೊಬ್ಬರೇ. ನನಗೆ ವಾಯುವಾದರೆ ಬಾಲ್ಕನಿಗೆ ಕಳಿಸುತ್ತಾರೆ.

ನನ್ನ ದೂರು ಬೇರೆ. ಮದುವೆಯಾದಾಗಿನಿಂದ ನನ್ನ ನಾಷ್ಟಾ ಎಂದರೆ ರಾತ್ರಿ ಉಳಿದ ಅನ್ನಕ್ಕೆ ಒಗ್ಗರಣೆ, ಮೇಲಿಷ್ಟು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ತಾವು ಬಂದ ಮೇಲೆ ಆ ಅನ್ನ ತಮ್ಮ ಪಾಲಾಗಿ ನನಗೆ ಬಿಸಿನೀರಿನ ಓಟ್ಸ್ ಬಂತು. ಕೇಳಿದ್ದಕ್ಕೆ, "ನೀವು ತಿಂದ್ರ ಏನ್ ಹುಟ್ಟತೈತ್ರಿ? ಅದಕ್ಕ ಹಾಕಿದ್ರ ಉರಿ ಹುಟ್ಟತೈತಿ" ಎಂದಳು.

ಕಳೆದ ತಿಂಗಳು ಎದುರಿನ ಫಂಕ್ಷನ್ ಹಾಲಿನ ಮದುವೆಯಲ್ಲಿ ಉಳಿದ ಬಿರಿಯಾನಿಯನ್ನು ನಮ್ಮ ಸಂಘದ ಕಾರ್ಯದರ್ಶಿ ಸೂರ್ಯಕಾಂತರು ಬಕೆಟ್ಟುಗಟ್ಟಲೆ ತಂದು ತಮ್ಮ ಮುಚ್ಚಳ ತೆಗೆದು ಸುರಿದರು. ತಮ್ಮ ಹೊಟ್ಟೆ ಕೆಟ್ಟು ಸಾಯಿಕುಮಾರನ ಒಲೆ ಆರಿತು. ಅಂಬುಬಾಯಿ ತಮ್ಮ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತು, "ಭಾಳ ಎಣ್ಣಿ ಹೋಗೇತ್ರಿ, ಪಾಪ. ನಾಕು ದಿನ ಏನೂ ಹಾಕಬ್ಯಾಡ್ರಿ" ಎಂದು ಸೂರ್ಯಕಾಂತರನ್ನು ಗದರಿದಳು. ಅದೇ ಮದುವೆಯಲ್ಲಿ ಡಬಲ್ ಕಾ ಮೀಠಾ ಎಂಬ ಬ್ರೆಡ್ಡಿನ ಸಿಹಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡ ನಾನೂ ಅಂದೇ ಹೊಟ್ಟೆ ಕೆಟ್ಟು ಮಲಗಿದ್ದೆ. ನನಗೆ ಸಿಕ್ಕಿದ್ದು, "ನಿಮಗ ಬಾಯಿ ಕಟ್ಟಾಕ ಬರಂಗಿಲ್ಲ" ಎಂಬ ಮಾತು. ತಮ್ಮ ಪಥ್ಯ ಮುಗಿದು ನೀಲಿ ಉರಿ ಮತ್ತೆ ಹೊತ್ತಿದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಉರಿಯಲ್ಲಿ ಕಾಸಿದ ಚಹಾ ಚೆನ್ನಾಗಿತ್ತೆಂದು ಹೇಳಲು ನನಗೆ ಸಂಕಟವಾಗುತ್ತದೆ.

ಆಗ ನಾನು ಸಮಾಧಾನದಿಂದಲೇ ವಾದಿಸಿದೆ: ಅನ್ನವನ್ನು ಕೊಳೆಸಿ ಉರಿಸುವುದಕ್ಕಿಂತ ಗಂಡನೇ ತಿಂದು ಮುಗಿಸುವುದು ಭೂಮಿಗೆ ಇನ್ನೂ ತಂಪು. ಅವಳು ಯೋಚಿಸಿ, "ಹಂಗಂದ್ರ ಅನ್ನ ನಿಮಗ, ಸಿಪ್ಪಿ ಅದಕ್ಕ" ಎಂದು ಒಪ್ಪಿದಳು. ಗೆದ್ದೆನೆಂದುಕೊಂಡೆ. ಆದರೆ ಅಂದಿನಿಂದ ನಮ್ಮ ಮನೆಯ ತರಕಾರಿ ಸಿಪ್ಪೆ ದಪ್ಪವಾಗುತ್ತ ಹೋಗಿ, ನಿನ್ನೆ ಸೋರೆಕಾಯಿಯ ತಿರುಳೆಲ್ಲ ಸಿಪ್ಪೆಯೊಡನೆ ಕೆಳಗಿಳಿಯಿತು. ನನ್ನ ಪಲ್ಯದಲ್ಲಿ ಬರೀ ಬೀಜಗಳಿದ್ದವು.

ಆದ್ದರಿಂದ ತಾವು ದಯಮಾಡಿ ಏಕಾದಶಿ ಹಿಡಿಯಬೇಕು, ಸೋರೆಕಾಯಿ ಒಗ್ಗುವುದಿಲ್ಲವೆಂದು ಅವಳೆದುರು ಒಮ್ಮೆ ತೇಗಬೇಕು, ಸಾಧ್ಯವಾದರೆ ನನ್ನ ಓಟ್ಸ್ ಡಬ್ಬಿಯನ್ನು ಗುಟ್ಟಾಗಿ ಸ್ವೀಕರಿಸಬೇಕೆಂದು ಪ್ರಾರ್ಥನೆ.

ಪಂಕ್ತಿಯಲ್ಲಿ ತಮ್ಮ ನಂತರ ಕೂರುವ,
ತಮ್ಮ ವಿಶ್ವಾಸಿ,
ದತ್ತಾತ್ರೇಯ

ವಿ.ಸೂ.: ತಮಗೆ ವರ್ಗಾವಣೆಯ ಮನಸ್ಸಿದ್ದರೆ ಸಿಕಂದರಾಬಾದಿನಲ್ಲಿ ನನ್ನ ಷಡ್ಡಕನ ಅಪಾರ್ಟ್‌ಮೆಂಟಿನಲ್ಲಿ ಜಾಗ ಖಾಲಿಯಿದೆ. ಅಲ್ಲಿ ಅಡುಗೆ ಮಾಡುವವನು ಅವನೇ, ಮಾಡಿದ್ದೆಲ್ಲ ಉಳಿಯುತ್ತದೆ.