ನೀರಿನ ಗ್ರೂಪಿಗೆ ಬಿದ್ದ ಮೈಸೂರು

ಕೊಳ್ಳೇಗಾಲದ ಮೂರನೇ ಕ್ರಾಸಿನಲ್ಲಿ ನಲ್ಲಿ ನೀರು ಯಾವಾಗ ಬರುತ್ತದೆಂದು ತಿಳಿಸುವುದಕ್ಕೇ ಒಂದು ವಾಟ್ಸಾಪ್ ಗ್ರೂಪ್ ಇದೆ. ನೀರು ಬಿಡುವ ನಾಗಯ್ಯ ಅದರಲ್ಲಿ ‘ಬಿಟ್ಟಿದೆ’ ಎಂದು ಹಾಕಿದರೆ ಸಾಕು, ಬೀದಿಯ ಹೆಂಗಸರೆಲ್ಲ ಬಿಂದಿಗೆ ಹಿಡಿದು ಏಳುತ್ತಾರೆ. ಇಂಥ ಗ್ರೂಪಿಗೆ ನಾಗಶ್ರೀ ಶುಕ್ರವಾರ ರಾತ್ರಿ ತನ್ನ ಬಾಳಿನ ಅತಿ ಗುಟ್ಟಿನ ಸುದ್ದಿಯನ್ನು ಕಳಿಸಿಬಿಟ್ಟಳು. ಕಳಿಸಿದ್ದು ಗೆಳತಿಯರಿಗೆ ಎಂದುಕೊಂಡು, ಫೋನನ್ನು ಚಾರ್ಜಿಗೆ ಹಾಕಿ ಹಾಯಾಗಿ ಮಲಗಿದಳು, ಪಾಪ.

“ನಾಳೆ ಬೆಳಿಗ್ಗೆ ಮೈಸೂರಿಗೆ ಹೊರಡುವುದು. ಎರಡು ದಿನ. ಗಂಡಸರಿಗೆ ಪ್ರವೇಶವಿಲ್ಲ. ಯಾರಿಗೆ ಏನು ಅನುಕೂಲ ಬೇಕೋ ಸಂಕೋಚವಿಲ್ಲದೆ ತಿಳಿಸಿ. ಮನೆಯಲ್ಲಿ ಹೇಳಬೇಡಿ.”

ಎದುರು ಮನೆಯ ಭವ್ಯಳ ಮದುವೆಗೆ ಇನ್ನು ಎರಡೇ ವಾರ. ಗಂಡು ಯಳಂದೂರಿನ ಶಿವಕುಮಾರಸ್ವಾಮಿ, ಕೆಲಸ ಬೀದರಿನಲ್ಲಿ. ಒಂದನೇ ಕ್ಲಾಸಿನಿಂದ ಡಿಗ್ರಿವರೆಗೆ ಒಂದೇ ಬೆಂಚಿನಲ್ಲಿ ಕೂತ ಗೆಳತಿ ಬೀದರಿಗೆ ಹೋಗಿಬಿಟ್ಟರೆ ಮತ್ತೆ ಸಿಗುವುದು ಯಾವ ಹಬ್ಬಕ್ಕೋ ಎಂದು ನಾಗಶ್ರೀಗೆ ಸಂಕಟ. ಮದುವೆಗೆ ಮುಂಚೆ ಹುಡುಗಿಯನ್ನು ಗೆಳತಿಯರು ಊರು ಸುತ್ತಿಸುವ ಬ್ಯಾಚುಲರೆಟ್ ಪಾರ್ಟಿಯನ್ನು ಅವಳು ರೀಲ್ಸಿನಲ್ಲಿ ನೋಡಿದ್ದಳು. ಅಂಥದೊಂದು ಎರಡು ದಿನ ಭವ್ಯಳ ಜೊತೆ ಕಳೆದುಬಿಟ್ಟರೆ ಆಮೇಲೆ ಬೀದರಾದರೂ ಇರಲಿ, ಕಾಶ್ಮೀರವಾದರೂ ಇರಲಿ ಎಂದುಕೊಂಡಳು.

ನಾಗಶ್ರೀ ಸೊಸೈಟಿಯಲ್ಲಿ ಗುಮಾಸ್ತೆ. ಬಾಗಿಲಿಗೆ ಕಾಲು ತಗುಲಿದರೆ ಬಾಗಿಲಿಗೇ ‘ಸಾರಿ’ ಎನ್ನುವಷ್ಟು ಮೃದು. ಭವ್ಯಳಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು, ಮೂರನೆಯವಳಾದ ರತ್ನಳಿಗೆ ಹುಳಿತೇಗಿನ ಕಾಟವಾದ್ದರಿಂದ ಖಾರವಿಲ್ಲದ ಇಡ್ಲಿ, ಮಾರ್ಕೆಟ್ಟಿನಲ್ಲಿ ಮಲ್ಲಿಗೆ, ಮಧ್ಯಾಹ್ನ ಯಾರೂ ಯಾರನ್ನೂ ಮಾತಾಡಿಸದೆ ಕಾಲು ಚಾಚಿ ಕೂರಲು ಅರ್ಧ ಗಂಟೆ, ಭಾನುವಾರ ಸಂಜೆ ಅರಮನೆಯ ದೀಪ. ಎಲ್ಲವನ್ನೂ ಅವಳು ಯೋಚಿಸಿದ್ದಳು. ಯೋಚಿಸದೆ ಬಿಟ್ಟದ್ದು ಮೂರನೇ ಕ್ರಾಸನ್ನು ಮಾತ್ರ.

ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ತುಂಬ ಹೆಂಗಸರು. ಕೈಯಲ್ಲಿ ಬ್ಯಾಗು, ಬುತ್ತಿ, ಕಾಲಿಗೆ ಹಚ್ಚುವ ಎಣ್ಣೆ.

“ನಂಗೆ ಮುಂದ್ಗಡೆ ಸೀಟು ಕಣವ್ವ. ಸಂಕೋಚ ಬ್ಯಾಡ ಅಂದಿದ್ದಲ್ಲ, ಅದ್ಕೇ ಏಳ್ದೆ,” ಎಂದಳು ಒಬ್ಬಳು.

“ಮೂರನೇ ಕ್ರಾಸ್ನ ಎಂಗಸ್ರ ಮ್ಯಾಲೆ ಇಷ್ಟು ಪ್ರೀತಿ ಮಡಗಿದ್ದೀಯ ಅಂತ ಗೊತ್ತೇ ಇರ್ನಿಲ್ಲ,” ಎಂದು ಇನ್ನೊಬ್ಬಳು ಅವಳ ಗಲ್ಲ ಮುಟ್ಟಿ ನೆಟಿಗೆ ತೆಗೆದಳು.

ನಾಗಯ್ಯ ಸೈಕಲ್ ನಿಲ್ಲಿಸಿ ಕೇಳಿದ, “ಎಲ್ರೂ ಓಯ್ತಾವ್ರಂತೆ? ಅಂಗಾರೆ ಇವತ್ತು ನೀರು ಬುಡಲ್ಲ. ಯಾಕೆ ಸುಮ್ನೆ ಚರಂಡಿಗೆ ಓಯ್ತದೆ.”

ನಾಗಶ್ರೀ ಒಳಗೋಡಿ ಫೋನು ನೋಡಿದಳು. ಸಂದೇಶ ಹೋಗಿದ್ದು ನೀರಿನ ಗ್ರೂಪಿಗೆ. ಇಲ್ಲ, ನಾನು ನಿಮ್ಮನ್ನು ಕರೆಯಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತು. ಆದರೆ ಬಾಗಿಲಿಗೇ ನೋವು ಮಾಡದವಳು ಬೀದಿಗೆ ಹೇಗೆ ಮಾಡಿಯಾಳು? “ಬನ್ನಿ, ಕಾಫಿ ಕುಡೀರಿ,” ಎಂದಳು.

ಅಷ್ಟರಲ್ಲಿ ಭವ್ಯಳ ಅಜ್ಜಿ ಚಿಕ್ಕನಿಂಗಮ್ಮ ಕೋಲೂರಿಕೊಂಡು ಬಂದಳು. ಮೊಮ್ಮಗಳೂ ಮೈಸೂರಿಗೆ ಹೊರಟಿದ್ದಾಳೆಂದು ತಿಳಿದು ಕೋಲನ್ನು ನೆಲಕ್ಕೆ ಕುಟ್ಟಿದಳು.

“ಅರಿಶಿನ ಕುಟ್ಟಿದ್ ಮ್ಯಾಲೆ ಮದ್ವೆ ಎಣ್ಣು ಒಳೆ ದಾಟ್ಬೌದಾ? ನಮ್ಮನೇಲಿ ಯಾರ್ ದಾಟವ್ರೆ?”

“ಅಜ್ಜೀ, ಹೊಳೆ ಮೇಲೆ ಸೇತುವೆ ಇದೆಯಲ್ಲ,” ಎಂದಳು ನಾಗಶ್ರೀ ಮೆಲ್ಲಗೆ.

“ಸೇತುವೆ ಕೆಳೀಕೆ ಏನದೆ? ಒಳೆ ತಾನೇ? ಮೈಸೂರ್ಗೋದ್ರೆ ನರಸೀಪುರದ ಒಳೆ. ಬೆಂಗ್ಳೂರ್ಗೋದ್ರೆ ಸತ್ತೇಗಾಲದ ಒಳೆ. ಒಳೆ ಇಲ್ದಿರ ದಾರಿ ಒಂದೇಯ, ಮಾದಪ್ಪನ ದಾರಿ. ಎಲ್ರೂ ಬೆಟ್ಟಕ್ಕೋಗಿ ಸಂಜೀಕೆ ಬರವ. ಆ ಪರಮೇಶನ ಟೆಂಪೊ ಕರೀರಿ!”

ಹೆಂಗಸರು ಒಂದೇ ಬಾಯಲ್ಲಿ “ಉಘೇ ಮಾದಪ್ಪ” ಎಂದರು. ಮೈಸೂರು ಅಲ್ಲೇ ಮುಳುಗಿಹೋಯಿತು. ಹೋಗಲಿ, ಬೆಟ್ಟವಾದರೂ ಸರಿ, ಭವ್ಯ ಪಕ್ಕದಲ್ಲಿದ್ದರೆ ಸಾಕು ಎಂದು ನಾಗಶ್ರೀ ಕಣ್ಣೊರೆಸಿಕೊಂಡು ಟೆಂಪೊ ಹತ್ತಿ ಕಿಟಕಿ ಪಕ್ಕದ ಜಾಗಕ್ಕೆ ಕರ್ಚೀಫು ಹಾಸಿದಳು.

ಹೊರಡುವ ಹೊತ್ತಿಗೆ ಭವ್ಯ ಹಣೆಗೆ ಅಮೃತಾಂಜನ ಬಳಿದುಕೊಂಡು ಬಂದಳು.

“ತಲೆ ಸಿಡೀತಾದೆ ಕಣೇ. ಆ ಘಾಟಿ ತಿರುವು ನೆನುಸ್ಕಂಡ್ರೇ ಒಟ್ಟೆ ತೊಳಸ್ತಾದೆ. ನೀವು ಓಗ್ಬನ್ನಿ.”

“ಅಂಗಾರೆ ನಾನೂ ನಿನ್ ಜೊತೇಲೇ ಇರ್ತೀನಿ,” ಎಂದು ನಾಗಶ್ರೀ ಇಳಿಯಹೋದಳು.

ಭವ್ಯ ಅವಳನ್ನು ಮತ್ತೆ ಒಳಕ್ಕೆ ತಳ್ಳಿದಳು. “ನೀನಿಲ್ದಿದ್ರೆ ಅಜ್ಜೀನ ಯಾರ್ ನೋಡ್ಕತಾರೆ? ನನ್ ಮೇಲೆ ಪ್ರೀತಿ ಇದ್ರೆ ಓಗು.”

ಹೀಗೆ ಮದುವೆ ಹುಡುಗಿಯ ಪ್ರವಾಸ ಮದುವೆ ಹುಡುಗಿಯೊಬ್ಬಳನ್ನು ಬಿಟ್ಟು ಹೊರಟಿತು. ಭವ್ಯಳ ತಾಯಿ ಮಹಾದೇವಮ್ಮ ಕೂಡ ಹಿಂದಿನ ಸೀಟಿನಲ್ಲಿದ್ದಳು. ಕರ್ಚೀಫು ಹಾಸಿದ್ದ ಜಾಗದಲ್ಲಿ ಚಿಕ್ಕನಿಂಗಮ್ಮ ಕೂತಳು. ಹನೂರು ಬರುವಷ್ಟರಲ್ಲಿ ರತ್ನ ಯಾರದೋ ಬುತ್ತಿಯ ಉಪ್ಪಿನಕಾಯಿ ತಿಂದು ತೇಗತೊಡಗಿದಳು. ತಾಳಬೆಟ್ಟ ದಾಟಿ ಘಾಟಿ ಏರುವಾಗ ಪ್ರತಿ ತಿರುವಿಗೂ ಹೆಂಗಸರು “ಉಘೇ” ಎಂದರೆ ರತ್ನ ನಾಗಶ್ರೀಯ ಹೆಗಲ ಮೇಲೆ “ಉವ್ವೇ” ಎಂದಳು.

ಬೆಟ್ಟದ ಮೇಲೆ ಅಜ್ಜಿಗೆ ಬಿಸಿನೀರು, ಒಬ್ಬಳಿಗೆ ಚಪ್ಪಲಿ ಕಾಯುವುದು, ಇನ್ನೊಬ್ಬಳಿಗೆ ಲಾಡಿನ ಸಾಲಿನಲ್ಲಿ ನಿಲ್ಲುವುದು. ಎಲ್ಲರ ಅನುಕೂಲವನ್ನೂ ನಾಗಶ್ರೀಯೇ ನೋಡಿಕೊಂಡಳು. ಅವಳಿಗೆ ಅರ್ಧ ಗಂಟೆ ಕಾಲು ಚಾಚಲು ಯಾರೂ ಬಿಡಲಿಲ್ಲ. ಭವ್ಯಳ ತಲೆನೋವು ಹೇಗಿದೆಯೋ ಎಂದು ಮಾತ್ರ ಅವಳ ಜೀವ ಚಡಪಡಿಸುತ್ತಿತ್ತು.

ಲಾಡಿನ ಸಾಲಿನಲ್ಲಿ ಫೋನ್ ಟಿಂಗ್ ಎಂದಿತು. ಭವ್ಯ ಫೋಟೊ ಕಳಿಸಿದ್ದಳು. ಮೈಸೂರಿನ ಮಾರ್ಕೆಟ್ಟು. ಮಲ್ಲಿಗೆಯ ರಾಶಿಯ ಮುಂದೆ ತಲೆತುಂಬ ಹೂ ಮುಡಿದು ಹಲ್ಲು ಬಿಡುತ್ತಿರುವ ಭವ್ಯ. ಪಕ್ಕದಲ್ಲಿ ಹೆಲ್ಮೆಟ್ ಹಿಡಿದ ಶಿವಕುಮಾರಸ್ವಾಮಿ.

“ಬಯ್ಬೇಡ ಕಣೇ. ಅವ್ರು ರಜೆ ಹಾಕಿ ಬಂದಿದ್ರು. ಬೀದೀಲಿ ಒಂದು ನರಪಿಳ್ಳೆ ಇರ್ಲಿಲ್ಲ, ಬೈಕು ಬಾಗಿಲಿಗೇ ಬಂತು. ಎಲ್ಲಾ ನಿನ್ ಪುಣ್ಯ. ನೀನು ಹೇಳಿದ್ದ ಇಡ್ಲಿ ಸೂಪರ್. ಏಳು ಗಂಟೆಗೆ ಮನೇಲಿರ್ತೀನಿ. ಅಲ್ಲೀತನಕ ಅಜ್ಜೀನ ಹೆಂಗಾದ್ರೂ ತಡ್ಕೋ.”

ನಾಗಶ್ರೀಗೆ ಮೊದಲು ಕೋಪ ಬಂದಿತು. ಆಮೇಲೆ ಅಳು ಬಂದಿತು. ತಾನು ಕಂಡ ಕನಸನ್ನು ಯಾರೋ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿದ್ದರು. ಆದರೂ ಫೋಟೊದಲ್ಲಿ ಭವ್ಯಳ ಮುಖ ನೋಡಿದಾಗ, ಇಷ್ಟು ಸಂತೋಷವಾಗಿ ನಕ್ಕಿದ್ದನ್ನು ತಾನೂ ಕಂಡಿರಲಿಲ್ಲ ಅನ್ನಿಸಿತು. ಲಾಡು ತೆಗೆದುಕೊಂಡು ಹೋಗಿ ಚಿಕ್ಕನಿಂಗಮ್ಮನ ಮುಂದೆ ನಿಂತಳು.

“ಅಜ್ಜೀ, ಭವ್ಯನ ಹೆಸರಲ್ಲಿ ಇನ್ನೊಂದು ಸುತ್ತು ಹಾಕವಾ?”

“ಆಗ್ಲೇ ಆಕಾಯ್ತಲ್ಲ?”

“ಶಿವಕುಮಾರಸ್ವಾಮಿ ಹೆಸರಲ್ಲಿ?”

ಹೀಗೆ ಹುಟ್ಟಲಿರುವ ಮಕ್ಕಳ ಹೆಸರಲ್ಲೂ ಸುತ್ತು ಹಾಕಿಸಿದಳು. ಬಳೆ ಅಂಗಡಿಗೆ ನುಗ್ಗಿಸಿದಳು. ಮಂಡಿ ಹಿಡಿದುಕೊಂಡ ಹೆಂಗಸರು “ಇವಳಿಗೆ ಮಾದಪ್ಪನೇ ಮೈಮೇಲೆ ಬಂದವ್ನೆ” ಎಂದು ಶಪಿಸುತ್ತ ಕೊನೆಗೆ ಟೆಂಪೊ ಹತ್ತಿದರು. ದಾರಿಯುದ್ದಕ್ಕೂ ತೆಗೆದ ಫೋಟೊಗಳನ್ನೆಲ್ಲ ಅವರು ನೀರಿನ ಗ್ರೂಪಿಗೆ ತುಂಬುತ್ತಿದ್ದರು.

ಘಾಟಿ ಇಳಿಯುವಾಗ ಚಿಕ್ಕನಿಂಗಮ್ಮ ನಾಗಶ್ರೀಯ ಭುಜಕ್ಕೊರಗಿ ನಿದ್ದೆ ಹೋದಳು. ನಾಗಶ್ರೀ ಗೆಳತಿಗೆ ಧೈರ್ಯ ಹೇಳಲು ಒಂದೇ ಕೈಯಲ್ಲಿ ಟೈಪ್ ಮಾಡಿದಳು. “ಭವ್ಯಾ, ಬೆಟ್ಟ ಇಳೀತಿದೀವಿ. ನೀವಿಬ್ರೂ ಬೇಗ ಹೊಳೆ ದಾಟಿ ಮನೆ ಸೇರ್ಕೊಳಿ. ನೀನು ಅವರ ಜೊತೆ ಮೈಸೂರಿಗೆ ಹೋಗಿದ್ದು ಇಲ್ಲಿ ಒಂದು ಇರುವೆಗೂ ಗೊತ್ತಿಲ್ಲ. ಅಜ್ಜಿ ಪೂರಾ ನನ್ನ ಕೈಲಿದಾಳೆ.” ಕಾಡಿನಲ್ಲಿ ಸಿಗ್ನಲ್ ಇರಲಿಲ್ಲ. ಸಂದೇಶದ ಕೆಳಗೆ ಪುಟ್ಟ ಗಡಿಯಾರ ಮೂಡಿ ನಿಂತಿತು. ಊರು ಬಂದರೆ ತಾನಾಗಿ ಹೋಗುತ್ತದೆ ಬಿಡು ಎಂದು ಅವಳು ದಿನದಲ್ಲಿ ಮೊದಲ ಸಲ ಕಾಲು ಚಾಚಿದಳು.

ಕೌದಳ್ಳಿ ಬಂತು. ಸಿಗ್ನಲ್ಲೂ ಬಂತು.

ಹಿಂದಿನ ಸೀಟಿನಲ್ಲಿ ಮಹಾದೇವಮ್ಮನ ಫೋನ್ ಟಿಂಗ್ ಎಂದಿತು. ಅದರ ಹಿಂದೆ ಇನ್ನೊಂದು. ಮತ್ತೊಂದು. ಟೆಂಪೊದ ಉದ್ದಕ್ಕೂ ಬ್ಯಾಗುಗಳೊಳಗೆ, ಸೊಂಟದ ಸೆರಗಿನೊಳಗೆ, ಬುತ್ತಿಯ ಚೀಲದೊಳಗೆ ಟಿಂಗ್ ಟಿಂಗ್ ಎಂದಿತು. ನಾಗಶ್ರೀ ತನ್ನ ಫೋನು ತೆಗೆದಳು. ಕಳಿಸಿದ ಸಂದೇಶದ ಮೇಲೆ ‘ಮೂರನೇ ಕ್ರಾಸ್ ನೀರು’ ಎಂದಿತ್ತು.

ಚಿಕ್ಕನಿಂಗಮ್ಮ ಎಚ್ಚರವಾಗಿ, ಸೊಂಟದಿಂದ ಫೋನು ಎಳೆದು ನಾಗಶ್ರೀಯ ಕೈಗಿಟ್ಟಳು.

“ನೀರು ಬುಟ್ರೇನೋ ಕಣವ್ವ. ಕನ್ನಡಕ ಮನೇಲೇ ಬುಟ್ ಬಂದಿವ್ನಿ. ವಸಿ ಎಲ್ರಿಗೂ ಕೇಳಂಗೆ ಗಟ್ಟಿಯಾಗಿ ಓದು.”